ಬಿಳಿ ಬಲ್ಬಿನೊಳಗಿನ ನೀಲಿ

ಓದುಗರ ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಡುಗೆಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬು ಹನ್ನೊಂದೇ ತಿಂಗಳಿಗೆ ಹೋಯಿತು. ಡಬ್ಬದ ಮೇಲೆ ಮಾತ್ರ 25,000 ಗಂಟೆ ಅಂತ ಬರೆದಿತ್ತು. ಸಿಟ್ಟು ಬಂದು ಬಿಚ್ಚಿ ನೋಡಿದೆ. ಒಳಗೆ ತಂತಿ ಇಲ್ಲ, ಏನೂ ಇಲ್ಲ. ಒಂದು ತಟ್ಟೆಯ ಮೇಲೆ ಒಂಬತ್ತು ಹಳದಿ ಚೌಕ, ಅದರಲ್ಲಿ ಒಂದರ ಮೇಲೆ ಕಪ್ಪು ಚುಕ್ಕೆ. ಹಳದಿ ಚೌಕದಿಂದ ಬಿಳಿ ಬೆಳಕು ಹೇಗೆ ಬರುತ್ತದೆ? ಪಿಯುಸಿ ಓದುವ ಮಗಳು ನೀಲಿ ಎಲ್‌ಇಡಿಗೆ ನೊಬೆಲ್ ಬಂದಿದೆ ಅನ್ನುತ್ತಾಳೆ. ನೀಲಿಗೇ ಯಾಕೆ? ಕೆಂಪು, ಹಸಿರು ಅದಕ್ಕಿಂತ ಮೊದಲೇ ಇದ್ದವಲ್ಲ?

ಉತ್ತರ:

ಬಲ್ಬು ಬಿಚ್ಚಿದ್ದು ಒಳ್ಳೆಯದೇ ಆಯಿತು. ನೀವು ಕೇಳಿದ್ದಕ್ಕೆಲ್ಲ ಉತ್ತರ ಆ ತಟ್ಟೆಯ ಮೇಲೇ ಇದೆ. ಕಾಣುವ ಹಳದಿ ಬರೀ ಮೇಲಿನ ಲೇಪ. ಅದರ ಕೆಳಗೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಹರಳಿನ ಚೂರು ಕೂತಿದೆ. ಆ ಚೂರು ಕೊಡುವುದು ನೀಲಿ ಬೆಳಕನ್ನು. ನಿಮ್ಮ ಅಡುಗೆಮನೆಯಲ್ಲಿ ಇಷ್ಟು ದಿನ ಉರಿದದ್ದು ಹಳದಿ ಅಂಗಿ ತೊಟ್ಟ ನೀಲಿ ದೀಪ.

ಬಿಳಿ ಪಂಚೆ ಹಳದಿಗಟ್ಟಿದರೆ ಮನೆಯಲ್ಲಿ ನೀಲಿ ಹಾಕುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಹಳದಿಗೆ ನೀಲಿ ಜೊತೆಯಾದರೆ ಕಣ್ಣಿಗೆ ಬಿಳಿ. ಲೆಕ್ಕ ಪೂರ್ತಿ ಒಂದೇ ಅಲ್ಲ. ಪಂಚೆಯ ನೀಲಿ ಬೆಳಕಿನ ಒಂದು ಪಾಲನ್ನು ಹೀರಿಕೊಂಡು ಬಿಳಿ ಮಾಡುತ್ತದೆ, ಬಲ್ಬಿನ ನೀಲಿ ಬೆಳಕನ್ನು ಸೇರಿಸಿ ಮಾಡುತ್ತದೆ. ಆದರೆ ಎರಡೂ ಕಡೆ ಏಮಾರುವುದು ಅದೇ ಕಣ್ಣು. ಹಳದಿ ಲೇಪದಲ್ಲಿರುವುದು ಫಾಸ್ಫರ್ ಎಂಬ ಪುಡಿ. ಒಳಗಿನಿಂದ ಬರುವ ನೀಲಿ ಬೆಳಕಿನಲ್ಲಿ ಒಂದಷ್ಟನ್ನು ಅದು ನುಂಗಿ ಹಳದಿಯಾಗಿ ಹೊರಗೆ ಬಿಡುತ್ತದೆ. ಉಳಿದ ನೀಲಿ ಹಾಗೇ ತೂರಿಕೊಂಡು ಬರುತ್ತದೆ. ಎರಡೂ ಸೇರಿ ಬಿಳಿ.

ಹಾಗಾದರೆ ಆ ಚೂರಿನಲ್ಲಿ ಬೆಳಕು ಹುಟ್ಟುವುದು ಹೇಗೆ?

ಹಳೇ ಬುರುಡೆ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿಯನ್ನು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಿದ್ದೆವು. ಕುಲುಮೆಯ ಕಬ್ಬಿಣದ ಹಾಗೆ ಅದು ಕಾದು ಬೆಳಗುತ್ತಿತ್ತು. ಕೊಟ್ಟ ಕರೆಂಟಿನಲ್ಲಿ ನೂರಕ್ಕೆ ಐದು ಪಾಲಿನಷ್ಟು ಬೆಳಕು, ಉಳಿದದ್ದೆಲ್ಲ ಶಾಖ. ಎಲ್‌ಇಡಿಯಲ್ಲಿ ಬೆಳಕಿಗಾಗಿ ಏನನ್ನೂ ಕಾಯಿಸುವುದಿಲ್ಲ. ಅಲ್ಲಿ ಬೆಳಕು ಬರುವುದು ಬೀಳುವುದರಿಂದ.

ಎಲ್‌ಇಡಿಯ ಚೂರು ಅರೆವಾಹಕದ್ದು, ಅಂದರೆ ಕರೆಂಟನ್ನು ಅರೆಬರೆ ಹರಿಯಬಿಡುವ ವಸ್ತುವಿನದು. ಆ ಹರಳನ್ನು ಅಟ್ಟ ಇರುವ ಹಳೇ ಮನೆ ಅಂದುಕೊಳ್ಳಿ. ಎಲೆಕ್ಟ್ರಾನ್ ಕೆಳಗೆ ಪಡಸಾಲೆಯಲ್ಲಿ ಇರಬಹುದು, ಇಲ್ಲವೇ ಮೇಲೆ ಅಟ್ಟದಲ್ಲಿ ಇರಬಹುದು. ನಡುವೆ ತೂಗಾಡುವ ಹಾಗಿಲ್ಲ. ಹರಳಿನ ಒಂದು ಬದಿಗೆ ಬೇರೆ ಧಾತುವನ್ನು ಚೂರೇ ಚೂರು ಬೆರೆಸಿ ಅಟ್ಟದಲ್ಲಿ ಎಲೆಕ್ಟ್ರಾನ್ ಜಾಸ್ತಿ ಇರುವಂತೆ ಮಾಡುತ್ತಾರೆ. ಅದು ಎನ್ ಬದಿ. ಇನ್ನೊಂದು ಬದಿಗೆ ಬೇರೊಂದನ್ನು ಬೆರೆಸಿ ಪಡಸಾಲೆಯಲ್ಲಿ ಖಾಲಿ ಜಾಗ ಉಳಿಯುವಂತೆ ಮಾಡುತ್ತಾರೆ. ಅದು ಪಿ ಬದಿ.

ಆ ಖಾಲಿ ಜಾಗಕ್ಕೆ ಪಠ್ಯಪುಸ್ತಕ ರಂಧ್ರ ಅನ್ನುತ್ತದೆ. ನಾನು ಪಾಠ ಮಾಡುವಾಗ ಖಾಲಿ ಸೀಟು ಅನ್ನುತ್ತಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟು ಖಾಲಿಯಾದರೆ ಹಿಂದಿನವರು ಬಂದು ಕೂರುತ್ತಾರೆ. ಅವರ ಸೀಟಿಗೆ ಅವರ ಹಿಂದಿನವರು. ಹೊರಗಿನಿಂದ ನೋಡುವವರಿಗೆ ಖಾಲಿ ಸೀಟೇ ಹಿಂದಕ್ಕೆ ನಡೆದು ಹೋದಂತೆ ಕಾಣುತ್ತದೆ. ರಂಧ್ರ ಹರಿಯುವುದು ಅಂದರೆ ಇಷ್ಟೇ.

ಈಗ ಬ್ಯಾಟರಿ ಜೋಡಿಸಿ. ಅಟ್ಟದ ಎಲೆಕ್ಟ್ರಾನ್ ಈ ಕಡೆಯಿಂದ, ಖಾಲಿ ಸೀಟು ಆ ಕಡೆಯಿಂದ ಗಡಿಗೆ ಬಂದು ಸೇರುತ್ತವೆ. ಎಲೆಕ್ಟ್ರಾನ್ ಕೆಳಗೆ ಖಾಲಿ ಸೀಟು ಕಂಡು ಬೀಳುತ್ತದೆ. ಬಿದ್ದ ಎತ್ತರಕ್ಕೆ ತಕ್ಕ ಶಕ್ತಿ ಒಂದು ಕಣ ಬೆಳಕಾಗಿ ಹೊರಗೆ ಹೋಗುತ್ತದೆ. ಹೀಗೆ ಕ್ಷಣಕ್ಷಣಕ್ಕೂ ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನ್‌ಗಳು ಬೀಳುತ್ತಲೇ ಇರುತ್ತವೆ.

ಅಟ್ಟ ಎಷ್ಟು ಎತ್ತರ ಅನ್ನುವುದರ ಮೇಲೆ ಬಣ್ಣ ನಿಂತಿದೆ. ಈ ಎತ್ತರವನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಶಕ್ತಿಯ ಪುಟ್ಟ ಅಳತೆಯಲ್ಲಿ ಹೇಳುತ್ತಾರೆ. ಕೆಂಪಿಗೆ 1.9 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ಸಾಕು. ನೀಲಿಗೆ ಸುಮಾರು 2.7 ಬೇಕು. 1.4ಕ್ಕೆ ಇಳಿದರೆ ಅತಿಗೆಂಪು, ಕಣ್ಣಿಗೆ ಕಾಣುವುದೇ ಇಲ್ಲ. ಟಿವಿ ರಿಮೋಟಿನ ಮುಂದಿರುವ ಎಲ್‌ಇಡಿ ಅತಿಗೆಂಪಿನದು. ಎಲ್‌ಇಡಿಯ ಬಣ್ಣ ಮೇಲಿನ ಪ್ಲಾಸ್ಟಿಕ್ಕಿನಿಂದ ಬರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ನೀರಿನಷ್ಟು ತಿಳಿಯಾದ ತಲೆಯಿರುವ ಕೆಂಪು ಎಲ್‌ಇಡಿ ಅಂಗಡಿಯಲ್ಲಿ ಸಿಗುತ್ತದೆ, ಉರಿಸಿ ನೋಡಿ.

ಸಿಲಿಕಾನ್ ಇಷ್ಟು ಅಗ್ಗವಾಗಿ ಸಿಗುವಾಗ ಅದರಲ್ಲೇ ಎಲ್‌ಇಡಿ ಯಾಕೆ ಮಾಡುವುದಿಲ್ಲ ಅಂತ ಮಗಳು ಕೇಳಬಹುದು. ತೆಂಗಿನಕಾಯಿ ಮರದಿಂದ ನೇರ ನೆಲಕ್ಕೆ ಬಿದ್ದರೆ ಒಂದೇ ಒಂದು ಧಡ್ ಸದ್ದು. ಮೊದಲು ಹೆಂಚಿನ ಮೇಲೆ ಬಿದ್ದು ಉರುಳಿದರೆ ದಾರಿಯುದ್ದಕ್ಕೂ ಕಟಕಟ ಅನ್ನುತ್ತಾ ಶಕ್ತಿ ಹಂಚಿಹೋಗುತ್ತದೆ. ಸಿಲಿಕಾನಿನಲ್ಲಿ ಎಲೆಕ್ಟ್ರಾನ್ ನೇರ ಕೆಳಗೆ ಬೀಳಲು ಆಗುವುದಿಲ್ಲ, ಪಕ್ಕಕ್ಕೂ ಸರಿಯಬೇಕು. ಅದಕ್ಕೆ ಹರಳಿನ ಕಂಪನದ ನೆರವು ಬೇಕು. ಅಷ್ಟರಲ್ಲಿ ಶಕ್ತಿಯೆಲ್ಲ ಬಿಸಿಯಾಗಿ ಹೋಗಿರುತ್ತದೆ. ಕಂಪ್ಯೂಟರಿಗೆ ಒಳ್ಳೆಯದಾದ ಸಿಲಿಕಾನ್ ದೀಪಕ್ಕೆ ನಾಲಾಯಕ್ಕು.

ಇನ್ನು ಕೆಂಪು ಮೊದಲು ಬಂದದ್ದು ಹೇಗೆ ಅನ್ನುವುದಕ್ಕೆ ಬರೋಣ. ಹರಳಿಗೆ ಕರೆಂಟು ಕೊಟ್ಟರೆ ಬೆಳಕು ಬರುವುದನ್ನು ಮೊದಲು ಬರೆದಿಟ್ಟವರು ಮಾರ್ಕೋನಿಯ ಬಳಿ ಕೆಲಸ ಮಾಡುತ್ತಿದ್ದ ಎಚ್.ಜೆ. ರೌಂಡ್. ಅದು 1907. ಸಾಣೆ ಹಿಡಿಯಲು ಬಳಸುವ ಕಾರ್ಬೊರಂಡಮ್ ಹರಳಿಗೆ ತಂತಿ ತಾಗಿಸಿದಾಗ ಹಳದಿ ಬೆಳಕು ಕಂಡಿತು. ಒಂದು ಪತ್ರಿಕೆಗೆ ಚಿಕ್ಕ ಟಿಪ್ಪಣಿ ಕಳಿಸಿ ಅವರು ತಮ್ಮ ರೇಡಿಯೊ ಕೆಲಸಕ್ಕೆ ಮರಳಿದರು. 1920ರ ದಶಕದಲ್ಲಿ ರಷ್ಯಾದ ಒಲೆಗ್ ಲೊಸೆವ್ ಇದನ್ನೇ ಹಿಡಿದು ವರ್ಷಗಟ್ಟಲೆ ಅಳೆದರು. ಇದು ಕಾದು ಬರುವ ಬೆಳಕಲ್ಲ ಅಂತ ತೋರಿಸಿದರು. 1942ರಲ್ಲಿ, ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು ಮುತ್ತಿದ್ದಾಗ, ಹಸಿವಿನಿಂದ ತೀರಿಕೊಂಡರು. ವಯಸ್ಸು ಮೂವತ್ತೆಂಟು. ಎಲ್‌ಇಡಿಯ ಕಥೆ ಹೇಳುವಾಗ ಈ ಹೆಸರನ್ನು ಬಿಡಲು ನನಗೆ ಮನಸ್ಸು ಬರುವುದಿಲ್ಲ.

ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರ ಅಕ್ಟೋಬರಿನಲ್ಲಿ ಬಂತು. ಮಾಡಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ನಿಕ್ ಹೊಲೊನ್ಯಾಕ್. ಗ್ಯಾಲಿಯಂ ಆರ್ಸೆನೈಡ್ ಎಂಬ ಹರಳು ಅತಿಗೆಂಪು ಕೊಡುತ್ತದೆ ಅನ್ನುವುದು ಆಗಲೇ ಗೊತ್ತಿತ್ತು. ಅವರು ಅದಕ್ಕೆ ರಂಜಕ ಬೆರೆಸಿ ಅಟ್ಟವನ್ನು ಮೇಲಕ್ಕೆತ್ತಿದರು. ಬೆಳಕು ಅತಿಗೆಂಪಿನಿಂದ ಕೆಂಪಿಗೆ ಸರಿಯಿತು. ಅವರ ಶಿಷ್ಯ ಜಾರ್ಜ್ ಕ್ರಾಫರ್ಡ್ 1972ರಲ್ಲಿ ಹಳದಿ ಎಲ್‌ಇಡಿ ಮಾಡಿದರು. ಹಸಿರೂ ಬಂತು, ಸ್ವಲ್ಪ ಮಂಕಾಗಿ. ಅದೇ ವರ್ಷದ ಎಚ್‌ಪಿ-35 ಕ್ಯಾಲ್ಕುಲೇಟರಿನಲ್ಲಿ ಅಂಕಿಗಳು ಕೆಂಪು ಎಲ್‌ಇಡಿಯಲ್ಲೇ ಮೂಡುತ್ತಿದ್ದವು. ನಾನು ಓದುವ ಕಾಲಕ್ಕೂ ಎಲ್‌ಇಡಿ ಅಂದರೆ ಟೇಪ್‌ರೆಕಾರ್ಡರಿನ ಕೆಂಪು ಚುಕ್ಕಿ, ಅಷ್ಟೇ. ಮೊದಲ ಸಲ ಕೈಗೆ ಸಿಕ್ಕಾಗ ಕರೆಂಟಿಗೆ ಕಡಿವಾಣ ಹಾಕುವ ರೆಸಿಸ್ಟರ್ ಇಲ್ಲದೆ ನೇರ 9 ವೋಲ್ಟ್ ಬ್ಯಾಟರಿಗೆ ತಾಗಿಸಿದೆ. ಒಂದು ಕ್ಷಣ ಕಿತ್ತಳೆಯಾಗಿ ಹೊಳೆದು ಸತ್ತಿತು. ಆಮೇಲೆ ಆ ಪಾಠವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕೆಂಪು ಇತ್ತು, ಹಳದಿ ಇತ್ತು, ಹಸಿರು ಇತ್ತು. ನೀಲಿ ಇಲ್ಲದೆ ಬಿಳಿ ಬರುವುದಿಲ್ಲ. ಬಿಳಿ ಬಾರದೆ ಮನೆಗೆ ದೀಪವಿಲ್ಲ. ಆ ನೀಲಿಗೆ ಮತ್ತೆ ಮೂವತ್ತು ವರ್ಷ ಹಿಡಿಯಿತು.

ಅಟ್ಟ ಸಾಕಷ್ಟು ಎತ್ತರ ಇರುವ ಹರಳು ಯಾವುದು ಅನ್ನುವುದು ಗೊತ್ತಿಲ್ಲದ್ದೇನಲ್ಲ. ಗ್ಯಾಲಿಯಂ ನೈಟ್ರೈಡ್. ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾಕ್ ಪಾಂಕೋವ್, ಹರ್ಬರ್ಟ್ ಮಾರುಸ್ಕಾ ಮುಂತಾದವರು 1970ರ ದಶಕದ ಮೊದಲಲ್ಲೇ ಇದರಿಂದ ಮಿಣುಕು ನೀಲಿ, ನೇರಳೆ ತೆಗೆದಿದ್ದರು. ಕಂಪನಿ ಆಮೇಲೆ ಕೈಬಿಟ್ಟಿತು. ಕಷ್ಟ ಎರಡು ಕಡೆ ಇತ್ತು.

ಮೊದಲನೆಯದು ಹರಳು ಬೆಳೆಸುವುದು. ಸಿಲಿಕಾನಿನ ಹಾಗೆ ಕರಗಿಸಿ ದೊಡ್ಡ ಹರಳಾಗಿ ಎಳೆದು ತೆಗೆಯಲು ಗ್ಯಾಲಿಯಂ ನೈಟ್ರೈಡ್ ಬಗ್ಗುವುದಿಲ್ಲ, ವಿಪರೀತ ಶಾಖ ಮತ್ತು ಒತ್ತಡ ಬೇಕು. ಹಾಗಾಗಿ ಬೇರೊಂದು ಹರಳಿನ ಮೇಲೆ, ಅಂದರೆ ಸಫೈರ್ ಬಿಲ್ಲೆಯ ಮೇಲೆ, ಅನಿಲದಿಂದ ಪದರ ಪದರವಾಗಿ ಕೂರಿಸಬೇಕು. ಆದರೆ ಎರಡರ ಪರಮಾಣುಗಳ ಅಂತರ ಹೊಂದುವುದಿಲ್ಲ. ಬೇರೆ ಅಳತೆಯ ಹೆಂಚನ್ನು ಹಳೇ ರೀಪಿನ ಮೇಲೆ ಹೊದಿಸಿದ ಹಾಗೆ. ಪದರ ಒರಟಾಗುತ್ತಿತ್ತು, ಬಿರುಕು ಬಿಡುತ್ತಿತ್ತು.

ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ಇಸಾಮು ಅಕಸಾಕಿ ಇದರ ಹಿಂದೆ ಬಿದ್ದಿದ್ದರು. ವಿದ್ಯಾರ್ಥಿಯಾಗಿ ಸೇರಿದ ಹಿರೋಶಿ ಅಮಾನೊ ಸಾವಿರಕ್ಕೂ ಮೀರಿ ಸಲ ಸೋತರು. 1985ರಲ್ಲಿ ಒಂದು ದಿನ ಕುಲುಮೆ ಕೈಕೊಟ್ಟಿತು, ಬೇಕಾದಷ್ಟು ಬಿಸಿಯಾಗಲಿಲ್ಲ. ಸುಮ್ನೆ ಮನೆಗೆ ಹೋಗುವ ಬದಲು ಅವರು ಆ ಕಡಿಮೆ ಶಾಖದಲ್ಲೇ ಸಫೈರಿನ ಮೇಲೆ ಅಲ್ಯೂಮಿನಿಯಂ ನೈಟ್ರೈಡಿನ ತೆಳು ಪದರ ಕೂರಿಸಿದರು. ಆಮೇಲೆ ಮೇಲೆ ಗ್ಯಾಲಿಯಂ ನೈಟ್ರೈಡ್ ಬೆಳೆಸಿದರು. ಹೊರಗೆ ತೆಗೆದ ಬಿಲ್ಲೆ ಗಾಜಿನಷ್ಟು ತಿಳಿಯಾಗಿತ್ತು. ದೋಸೆ ಕಾವಲಿಗೆ ಮೊದಲು ಎಣ್ಣೆ ಸವರಿದ ಹಾಗೆ, ನಡುವಿನ ತೆಳು ಪದರವೇ ಬೇಕಾಗಿತ್ತು.

ಎರಡನೆಯ ಕಷ್ಟ ಪಿ ಬದಿಯದು. ಎಷ್ಟು ಮೆಗ್ನೀಸಿಯಂ ಬೆರೆಸಿದರೂ ಖಾಲಿ ಸೀಟು ಸಿಗುತ್ತಿರಲಿಲ್ಲ. ಅಕಸಾಕಿ ಮತ್ತು ಅಮಾನೊ 1989ರಲ್ಲಿ ಎಲೆಕ್ಟ್ರಾನ್ ಕಿರಣ ಹಾಯಿಸಿದ ಮೇಲೆ ಅದು ಸರಿಯಾಗುವುದನ್ನು ತೋರಿಸಿದರು. ಯಾಕೆ ಸರಿಯಾಗುತ್ತದೆ ಅಂತ ಬಿಡಿಸಿ ಹೇಳಿದ್ದು ಶೂಜಿ ನಕಾಮುರ. ಪದರ ಬೆಳೆಸುವ ಅನಿಲದಲ್ಲಿನ ಹೈಡ್ರೋಜನ್ ಮೆಗ್ನೀಸಿಯಮ್ಮಿಗೆ ಅಂಟಿಕೊಂಡು ಕೂರುತ್ತದೆ. ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಸೀಟು ಇದೆ, ಯಾರೂ ಕೂರುವ ಹಾಗಿಲ್ಲ. 1992ರಲ್ಲಿ ನಕಾಮುರ ಬಿಲ್ಲೆಯನ್ನು ನೈಟ್ರೋಜನ್ನಿನಲ್ಲಿ 700 ಡಿಗ್ರಿ ದಾಟಿಸಿ ಕಾಯಿಸಿದರು. ಹೈಡ್ರೋಜನ್ ಬಿಟ್ಟು ಹೋಯಿತು. ಕಿರಣ ಗಿರಣ ಏನೂ ಬೇಡ, ಕುಲುಮೆ ಸಾಕು. ಕಾರ್ಖಾನೆಯಲ್ಲಿ ಮಾಡಲು ದಾರಿ ಆದದ್ದು ಹೀಗೆ.

ನಕಾಮುರ ಇದ್ದದ್ದು ಶಿಕೋಕು ದ್ವೀಪದ ಅನಾನ್ ಎಂಬ ಸಣ್ಣ ಊರಿನ ನಿಚಿಯಾ ಕಂಪನಿಯಲ್ಲಿ. ಆಗ ಪಿಎಚ್‌ಡಿಯೂ ಇರಲಿಲ್ಲ. ದೊಡ್ಡ ಕಂಪನಿಗಳೆಲ್ಲ ಜಿಂಕ್ ಸೆಲೆನೈಡ್ ಎಂಬ ಬೇರೆ ಹರಳಿನ ಹಿಂದೆ ಹೋಗಿದ್ದವು. ಎಲ್ಲರೂ ಹೋದ ದಾರಿಯಲ್ಲಿ ಹೋದರೆ ತನ್ನ ಕಂಪನಿಗೆ ಏನೂ ಉಳಿಯುವುದಿಲ್ಲ ಅನ್ನುವುದು ಅವರ ಲೆಕ್ಕ. ಹರಳು ಬೆಳೆಸುವ ಯಂತ್ರವನ್ನು ಬಿಚ್ಚಿ, ಬೆಸೆದು, ತಮಗೆ ಬೇಕಾದಂತೆ ಮಾಡಿಕೊಂಡರು. ಬಿಸಿ ಬಿಲ್ಲೆಯ ಮೇಲಿನಿಂದ ಅನಿಲ ಚದುರದಂತೆ ಇನ್ನೊಂದು ಅನಿಲದ ಹರಿವಿನಿಂದ ಒತ್ತಿ ಹಿಡಿದರು. ಗ್ಯಾಲಿಯಂ ನೈಟ್ರೈಡಿನ ಅಟ್ಟ ನೀಲಿಗೂ ಮೀರಿ ಎತ್ತರ, 3.4 ಎಲೆಕ್ಟ್ರಾನ್ ವೋಲ್ಟ್. ಇಂಡಿಯಂ ಬೆರೆಸಿ ಅದನ್ನು ನೀಲಿಯವರೆಗೆ ಇಳಿಸಿದರು. 1993ರ ನವೆಂಬರಿನಲ್ಲಿ ಪ್ರಕಟಿಸಿದ ನೀಲಿ ಎಲ್‌ಇಡಿ ಅದುವರೆಗಿನ ನೀಲಿಗಳ ಮುಂದೆ ಟಾರ್ಚಿನ ಹಾಗಿತ್ತು.

ಇಲ್ಲಿ ನನಗೆ ಈಗಲೂ ಸೋಜಿಗ ಅನ್ನಿಸುವುದು ಒಂದಿದೆ. ಈ ಹರಳು ದೋಷಗಳ ಮೂಟೆ. ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತಾರು ಕೋಟಿಯಿಂದ ನೂರಾರು ಕೋಟಿ ಬಿರುಕಿನಂಥ ದೋಷಗಳು. ಇದರ ಸಾವಿರದಲ್ಲೊಂದು ಪಾಲು ದೋಷ ಇದ್ದರೂ ಕೆಂಪು ಎಲ್‌ಇಡಿಯ ಹರಳು ಸತ್ತೇ ಹೋಗುತ್ತಿತ್ತು. ಇದು ಮಾತ್ರ ಉರಿಯುತ್ತದೆ. ಇಂಡಿಯಂ ಇರುವ ಪದರದಲ್ಲಿ ಎಲೆಕ್ಟ್ರಾನ್‌ಗಳು ಅಲ್ಲಲ್ಲೇ ಸಿಕ್ಕಿಕೊಂಡು, ದೋಷದವರೆಗೆ ಹೋಗುವ ಮೊದಲೇ ಬಿದ್ದು ಬೆಳಕಾಗುತ್ತವೆ ಅನ್ನುವುದು ತಜ್ಞರು ಸಾಮಾನ್ಯವಾಗಿ ಕೊಡುವ ವಿವರಣೆ.

ನಿಚಿಯಾದ ಹಳೆಯ ವ್ಯಾಪಾರ ಏನು ಗೊತ್ತೇ? ಟಿವಿ ಪರದೆಗೆ, ಟ್ಯೂಬ್‌ಲೈಟಿಗೆ ಫಾಸ್ಫರ್ ಪುಡಿ ಮಾಡುವುದು. ನೀಲಿ ದೀಪ ಮತ್ತು ಹಳದಿ ಪುಡಿ ಒಂದೇ ಸೂರಿನಡಿ ಇದ್ದವು. 1996ರಲ್ಲಿ ಎರಡನ್ನೂ ಸೇರಿಸಿ ಬಿಳಿ ಎಲ್‌ಇಡಿ ಮಾಡಿದರು. ನಿಮ್ಮ ತಟ್ಟೆಯ ಮೇಲಿನ ಹಳದಿ ಚೌಕ ಅದರದೇ ಮೊಮ್ಮಗ.

ಈಗ ನೊಬೆಲ್. 2014ರ ಭೌತವಿಜ್ಞಾನದ ಬಹುಮಾನ ಅಕಸಾಕಿ, ಅಮಾನೊ, ನಕಾಮುರ ಮೂವರಿಗೆ. ಒಳ್ಳೆ ನೀಲಿ ಎಲ್‌ಇಡಿ ಮಾಡಿ, ಅದರಿಂದ ಕರೆಂಟು ಉಳಿಸುವ ಬಿಳಿ ಬೆಳಕಿಗೆ ದಾರಿ ಮಾಡಿದ್ದಕ್ಕೆ. ನೀವು ಕೇಳಿದ ಪ್ರಶ್ನೆಯನ್ನೇ ಹೊಲೊನ್ಯಾಕ್ ಕೂಡ ಕೇಳಿದರು, ಬೇಸರ ಮುಚ್ಚಿಡಲಿಲ್ಲ. ನನಗೆ ಅವರ ಮಾತು ನ್ಯಾಯ ಅನ್ನಿಸುತ್ತದೆ. ಆದರೆ ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನ ಹಂಚಿಕೊಳ್ಳುವ ಹಾಗಿಲ್ಲ, ಮತ್ತು ಹಳ್ಳಿಯ ಅಡುಗೆಮನೆಯವರೆಗೆ ಬಂದದ್ದು ನೀಲಿ. ಅಂದಹಾಗೆ ಆ ಆವಿಷ್ಕಾರಕ್ಕೆ ಕಂಪನಿ ನಕಾಮುರಗೆ ಕೊಟ್ಟ ಬೋನಸ್ 20,000 ಯೆನ್ ಅಂತ ಅವರೇ ಹೇಳಿಕೊಂಡಿದ್ದಾರೆ. ಅವರು ಕೋರ್ಟಿಗೆ ಹೋದರು. 2004ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ 2,000 ಕೋಟಿ ಯೆನ್ ಕೊಡಿ ಅಂದಿತು. ಕಂಪನಿ ಮೇಲ್ಮನವಿ ಹಾಕಿ, 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು.

ಇನ್ನು ನಿಮ್ಮ ಸತ್ತ ಬಲ್ಬು.

25,000 ಗಂಟೆ ಅನ್ನುವುದು ಪೂರಾ ಸುಳ್ಳಲ್ಲ. ದಿನಕ್ಕೆ ಐದು ಗಂಟೆಯಂತೆ ಹದಿಮೂರು ವರ್ಷ ದಾಟುತ್ತದೆ. ಆದರೆ ಅಂಥ ಅಂಕಿ ಸಾಮಾನ್ಯವಾಗಿ ಆ ಚೌಕಗಳ ಲೆಕ್ಕ. ಬೆಳಕು ಹೊಸದರಲ್ಲಿ ಇದ್ದದ್ದರ ಶೇಕಡ 70ಕ್ಕೆ ಇಳಿಯುವವರೆಗಿನ ಸಮಯ, ಅದೂ ಹದವಾದ ಶಾಖದಲ್ಲಿ. ಇಡೀ ಬಲ್ಬಿಗೆ ಅಷ್ಟು ಆಯುಸ್ಸು ಸಿಗುವುದು ಅಪರೂಪ. ಮನೆಯ 230 ವೋಲ್ಟನ್ನು ಎಲ್‌ಇಡಿಗೆ ಹೊಂದಿಸುವ ಡ್ರೈವರ್ ಒಂದು ಒಳಗಿರುತ್ತದೆ. ಅದರಲ್ಲಿರುವ ಕೆಪಾಸಿಟರ್ ಎಂಬ ಬಿಡಿಭಾಗ ಹತ್ತು ಡಿಗ್ರಿ ಬಿಸಿ ಏರಿದರೆ ಅರ್ಧ ಆಯುಸ್ಸು ಕಳೆದುಕೊಳ್ಳುತ್ತದೆ. ನಿಮ್ಮದು ಅಡುಗೆಮನೆಯ ಬಲ್ಬು, ಒಲೆಯ ಬಿಸಿ ಬೇರೆ. ಸಾಲದ್ದಕ್ಕೆ ಮಲೆನಾಡಿನ ಸಿಡಿಲು, ಕರೆಂಟು ಹೋಗಿ ಬರುವಾಗಿನ ಹೊಡೆತ.

ಆದರೆ ನಿಮ್ಮ ಬಲ್ಬಿನಲ್ಲಿ ಸತ್ತದ್ದು ಡ್ರೈವರ್ ಅಲ್ಲ ಅನ್ನುತ್ತದೆ ಆ ಕಪ್ಪು ಚುಕ್ಕೆ. ಒಂಬತ್ತೂ ಚೌಕ ಸಾಲಾಗಿ, ಸೀರೀಸ್‌ನಲ್ಲಿ ಜೋಡಿಸಿವೆ. ಗಣಪತಿ ಪೆಂಡಾಲಿನ ಹಳೇ ಸೀರಿಯಲ್ ಸೆಟ್ಟಿನಂತೆ ಒಂದು ಹೋದರೆ ಎಲ್ಲ ಹೋಯಿತು. ಒಂದು ಯಾಕೆ ಸುಟ್ಟಿತು ಅಂದರೆ, ಒಂಬತ್ತು ಚೌಕಕ್ಕೆ ಹದಿನೆಂಟರ ಕೆಲಸ ಹೇರಿರುತ್ತಾರೆ. ಇದು ಬೆಲೆಯ ಆಟ. ಸರ್ಕಾರಿ ಕಂಪನಿ ಇಇಎಸ್‌ಎಲ್ ಸಗಟಾಗಿ ಕೊಂಡ ಬಲ್ಬಿನ ದರ 2014ರ ಆರಂಭದಲ್ಲಿ 310 ರೂಪಾಯಿ ಇದ್ದದ್ದು 2016ರಲ್ಲಿ 38ಕ್ಕೆ ಇಳಿಯಿತು. ಹಾಗೆ ಕೊಂಡ ಬಲ್ಬುಗಳನ್ನು ಜನರಿಗೆ ಅಗ್ಗವಾಗಿ ಕೊಡುವ ಯೋಜನೆ ನಮ್ಮಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ಬಂತು. ಮನೆಮನೆಗೆ ಎಲ್‌ಇಡಿ ಬಂದದ್ದು ಅದರಿಂದಲೇ, ಅದು ಸಣ್ಣ ಮಾತಲ್ಲ. ಆದರೆ ಪೇಟೆಯಲ್ಲಿ ಬೆಲೆ ಇಳಿದ ಹಾಗೆ ಹಲವು ಬಲ್ಬುಗಳ ತೂಕವೂ ಇಳಿಯಿತು. ದಪ್ಪ ಅಲ್ಯೂಮಿನಿಯಂ ರೆಕ್ಕೆ ಹೋಗಿ ಪ್ಲಾಸ್ಟಿಕ್ ಬಂತು. ಚೌಕಗಳು ಕಡಿಮೆಯಾದವು, ಒಂದೊಂದರ ಮೇಲೆ ಕರೆಂಟು ಜಾಸ್ತಿಯಾಯಿತು. ಇದಕ್ಕೆ ಉಲ್ಟಾ ಮಾಡಿ ತೋರಿಸಿದ್ದು ಫಿಲಿಪ್ಸ್, ದುಬೈಗಾಗಿ ಮಾಡಿದ ಬಲ್ಬಿನಲ್ಲಿ. ಜಾಸ್ತಿ ಎಲ್‌ಇಡಿ ಹಾಕಿ, ಪ್ರತಿಯೊಂದನ್ನೂ ಮೆಲ್ಲಗೆ ಉರಿಸಿ, ವ್ಯಾಟಿಗೆ 200 ಲ್ಯೂಮೆನ್ ತೆಗೆದರು. ಲ್ಯೂಮೆನ್ ಅಂದರೆ ಬೆಳಕಿನ ಅಳತೆ. ಬುರುಡೆ ಬಲ್ಬು ಕೊಡುತ್ತಿದ್ದದ್ದು ಹತ್ತು ಹದಿನೈದು.

ರಿಪೇರಿ ಅಂಗಡಿಯವರು ಕಪ್ಪು ಚುಕ್ಕೆಯ ಚೌಕವನ್ನು ಶಾರ್ಟ್ ಮಾಡಿ ಬಲ್ಬು ಮತ್ತೆ ಉರಿಸಿಕೊಡುತ್ತಾರೆ. ಒಂದಷ್ಟು ದಿನ ನಡೆಯುತ್ತದೆ. ನೀವು ಮನೆಯಲ್ಲಿ ಮಾಡಬೇಡಿ. ಆ ತಟ್ಟೆಯ ಗೆರೆಗಳಿಗೆ ಮನೆಯ ಕರೆಂಟು ನೇರವಾಗಿ ಬರುವಂಥ ಬಲ್ಬುಗಳೇ ಜಾಸ್ತಿ. ಮೇಲಿನ ಬಿಳಿ ಟೋಪಿ ತೆಗೆದು ಹೋಲ್ಡರಿಗೆ ಹಾಕಿದರೆ ಕೈಗೆ ಹೊಡೆಯುತ್ತದೆ. ಹೊಸದು ತರುವಾಗ ಕೈಯಲ್ಲಿ ತೂಗಿ ನೋಡಿ, ಭಾರ ಇರುವುದನ್ನು ತನ್ನಿ. ವಾರಂಟಿ ಚೀಟಿ ಇಟ್ಟುಕೊಳ್ಳಿ. ಹೋಲ್ಡರ್ ಒಲೆಯ ನೇರ ಮೇಲಿದ್ದರೆ ಎರಡು ಅಡಿ ಸರಿಸಿ, ಇನ್ನೂ ಒಳ್ಳೆಯದು.

ಮಗಳಿಗೊಂದು ಕೆಲಸ ಹೇಳುತ್ತೇನೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದು ಕೆಂಪು, ಒಂದು ನೀಲಿ ಎಲ್‌ಇಡಿ, ಒಂದು 3 ವೋಲ್ಟಿನ ಬಿಲ್ಲೆ ಸೆಲ್ಲು ತರಲಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸೆಲ್ಲು ಅವರ ಕೈಗೆ ಸಿಗದಿರಲಿ, ನುಂಗಿದರೆ ಪ್ರಾಣಕ್ಕೇ ಅಪಾಯ. ಎಲ್‌ಇಡಿಯ ಎರಡು ಕಾಲುಗಳ ನಡುವೆ ಸೆಲ್ಲನ್ನು ಸಿಕ್ಕಿಸಬೇಕು, ಉದ್ದದ ಕಾಲು ಪ್ಲಸ್ ಕಡೆಗೆ. ಮೊದಲು ಕೆಂಪು ಒಂದನ್ನೇ, ಆಮೇಲೆ ನೀಲಿ ಒಂದನ್ನೇ. ಎರಡೂ ಉರಿಯುತ್ತವೆ. ಈಗ ಎರಡನ್ನೂ ಒಟ್ಟಿಗೆ ಅದೇ ಸೆಲ್ಲಿಗೆ ಸಿಕ್ಕಿಸಲಿ. ಕೆಂಪು ಉರಿಯುತ್ತದೆ, ನೀಲಿ ಆರಿಹೋಗುತ್ತದೆ. ಯಾಕೆ ಅಂತ ನಾನು ಹೇಳುವುದಿಲ್ಲ. ಅಟ್ಟದ ಎತ್ತರದ ಲೆಕ್ಕ ಮೇಲೆ ಕೊಟ್ಟಿದ್ದೇನೆ, ಉತ್ತರ ಅವಳೇ ಬರೆದು ಕಳಿಸಲಿ.